ನಮ್ಮ ಶಾಲ್ಯಾಗ 23 ವಹಿ ಅದಾವ: ಯಾವ್ದು ತಗೀಬೇಕು, ಯಾವ್ದು ಇಡಬೇಕು?

ಪ್ರಭಾರಿ ಗುರು, ಕುಷ್ಟಗಿ ಕಡೆ
ಶರಣ್ರಿ ಎಲ್ಲಾರಿಗೂ. ಕೊಪ್ಪಳ ಜಿಲ್ಲಾದಾಗ ಒಂದು ಹಿರಿಯ ಪ್ರಾಥಮಿಕ ಶಾಲಿಗೆ ಪ್ರಭಾರಿ ಮುಖ್ಯಗುರು ಅದೀನಿ. ಮಕ್ಕಳು 187. ಕಾಯಂ ಶಿಕ್ಷಕರು ನಾಲ್ಕು ಮಂದಿ, ಅತಿಥಿ ಇಬ್ಬರು. ಹೋದ ಶನಿವಾರ ಮಕ್ಕಳು ಮನಿಗೆ ಹೋದ ಮ್ಯಾಲೆ ಬೀರು ತಗದು ಕುಂತು ಎಣಿಸಿದೆ. ಪಾಠಕ್ಕ ಸಂಬಂಧ ಇಲ್ಲದ, ಬರೇ ಮಕ್ಕಳ ಆರೋಗ್ಯ, ಸುರಕ್ಷತೆ, ಊಟ, ನೆರವು ಅಂತ ಇರೋ ವಹಿ 23! ಅಕ್ಕಿ-ಬೇಳೆ ದಾಸ್ತಾನು, ಊಟದ ರುಚಿ, ಹಾಲಿನ ಪುಡಿ, ತತ್ತಿ, ತತ್ತಿ ತಿನ್ನದವರ ಬಾಳೆಹಣ್ಣು, ನೀಲಿ ಮಾತ್ರೆ, ಜಂತುಹುಳದ ಮಾತ್ರೆ, ಕೈ ತೊಳೆದದ್ದು, ಶೌಚಾಲಯ ತೊಳೆದದ್ದು, ಟಾಕಿ ತೊಳೆದದ್ದು, ಎತ್ತರ-ತೂಕ, ಕಣ್ಣಿನ ತಪಾಸಣೆ, ಪ್ಯಾಡ್ ಹಂಚಿದ್ದು, ದೂರು ಪೆಟ್ಟಿಗೆ... ಇದರ ಮ್ಯಾಲೆ ಊಟ ಮಾಡಿದವರ ಲೆಕ್ಕ ದಿನಾ ಮೊಬೈಲ್‌ನಾಗೂ ಕಳಿಸಬೇಕು, ಕಾಗದದಾಗೂ ಬರೀಬೇಕು.

ಈಗ ನಮ್ಮ ತಾಲೂಕಿನ ಶಿಕ್ಷಕರ ವಾಟ್ಸಾಪ್ ಗುಂಪಿನಾಗ ಒಂದು ಮನವಿ ಪತ್ರ ತಿರುಗಾಡಾಕತ್ತೈತಿ. ಮೊದಲನೇ ಬೇಡಿಕೆ: ಎಲ್ಲಾ ವಹಿ ಸೇರಿಸಿ ಒಂದೇ ಮಾಡ್ರಿ. ಎರಡನೇದು: ಈ ನಿಯಮಗಳಾಗ ‘ಕಡ್ಡಾಯ’ ಅನ್ನೋದನ್ನ ತಗದು ‘ಶಾಲೆಗೆ ಅನುಕೂಲ ಆದಂತೆ’ ಅಂತ ಹಾಕ್ರಿ. ಖಾಸಗಿ ಶಾಲಿಯವರೂ ಜೊತಿಗೆ ಸೇರ್ಯಾರ. ಮಾನ್ಯತೆ ನವೀಕರಣಕ್ಕ ಅಗ್ನಿ ಸುರಕ್ಷತೆ, ಕಟ್ಟಡ ಸುರಕ್ಷತೆ ಪ್ರಮಾಣಪತ್ರ ಕೇಳಬ್ಯಾಡ್ರಿ ಅಂತ ಅವರದು.

ಮೊದಲನೇದಕ್ಕ ಎರಡೂ ಕೈಲೆ ಸಹಿ ಹಾಕ್ತೀನಿ. ಎರಡನೇದಕ್ಕ ಕೈ ಹೋಗವಲ್ದು. ನೀವೇನಂತೀರಿ?

ಸಿಂಧನೂರು ಸೋನಾ
23 ಅಷ್ಟೇನ್ರಿ? ನಮ್ಮಲ್ಲಿ 31.

ತುಂಗಭದ್ರಾ ದಂಡಿ
ನಾನು ಕಂಪ್ಲಿ ಕಡೆಯವನು, ಆರು ವರ್ಷ ಎಸ್‌ಡಿಎಂಸಿ ಅಂದ್ರೆ ಶಾಲಾಭಿವೃದ್ಧಿ ಸಮಿತಿ ಒಳಗೆ ಇದ್ದೆ. ಗುರುಗಳೇ, ನಿಮ್ಮ ಕೈ ಹೋಗದೇ ಇದ್ದದ್ದು ಸರಿ ಐತೆ. ಒಂದೊಂದು ವಹಿ ಹಿಂದೆ ಯಾವುದೋ ಒಂದು ಮಗು ಐತೆ. ಊಟದ ರುಚಿ ವಹಿಯನ್ನೇ ತಗೊಳ್ಳಿ. 2013ರ ಜುಲೈಯಲ್ಲಿ ಬಿಹಾರದ ಸಾರಣ್ ಜಿಲ್ಲೆಯಲ್ಲಿ ಬಿಸಿಯೂಟ ಉಂಡು 23 ಮಕ್ಕಳು ಸತ್ತವು. ಎಣ್ಣೆಯಲ್ಲಿ ಕ್ರಿಮಿನಾಶಕ ಸೇರಿತ್ತು. ಎಣ್ಣೆ ವಾಸನೆ ಬೇರೆ ಬರ್ತೈತೆ ಅಂತ ಅಡುಗೆಯಾಕೆ ಹೇಳಿದ್ದಳು, ಕೇಳೋರು ಇರಲಿಲ್ಲ. ಬಡಿಸೋ ಮೊದಲು ದೊಡ್ಡವರು ತಿಂದು ನೋಡಬೇಕು, ಅದರಲ್ಲಿ ಒಬ್ಬ ಶಿಕ್ಷಕರಾದರೂ ಇರಬೇಕು ಅನ್ನೋದಕ್ಕೆ ಅಷ್ಟು ಒತ್ತು ಬಂದಿದ್ದು ಅದಾದ ಮೇಲೆ. ಇದನ್ನ ‘ಅನುಕೂಲ ಆದಂತೆ’ ಮಾಡಿದರೆ ಯಾರಿಗೆ ಅನುಕೂಲ?

ಸಿಂಧನೂರು ಸೋನಾ
ಅಣ್ಣಾ, ತಿಂದು ನೋಡಾಕ ಯಾರೂ ಒಲ್ಲೆ ಅನ್ನಂಗಿಲ್ಲ. ತಿಂದದ್ದನ್ನ ಬರೆಯೋದೇ ತ್ರಾಸು. ನಮ್ಮಲ್ಲಿ ಒಬ್ಬ ಸರ್ ಸೋಮವಾರನ ಶನಿವಾರದ ತನಕ ‘ರುಚಿ ಚೆನ್ನಾಗಿದೆ’ ಅಂತ ಬರೆದು ಸಹಿ ಹಾಕಿ ಇಡ್ತಾರ. ಬುಧವಾರ ಸ್ಥಳೀಯ ರಜಾ ಬಂತು. ಊಟಾನೇ ಇಲ್ಲ, ರುಚಿ ಮಾತ್ರ ಚಲೋ ಐತಿ!

ಬಿಸಿಯೂಟದಾಕಿ
ನಾ ಅಡಿಗಿ ಮಾಡಾಕಿ. ಓದಕ ಬರ್ತೈತಿ, ಬರೆಯೋದು ನಿಧಾನ. ನನ್ನ ಮಗ ಟೈಪ್ ಮಾಡಾಕತ್ತಾನ, ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೋರಿ.

ರುಚಿ ವಹಿಗೆ ನೀವು ಸಹಿ ಹಾಕ್ತೀರಿ, ಮೊದಲು ತಿನ್ನಾಕಿ ನಾನು. ಹೋದ ಮಳಿಗಾಲದಾಗ ಬ್ಯಾಳ್ಯಾಗ ಹುಳ ಬಂದಿದ್ವು. ಮಾಡಂಗಿಲ್ಲ ಅಂದೆ. ದೊಡ್ಡ ಸರ್ ಏನೂ ಅನ್ನಲಿಲ್ಲ, ಅವತ್ತು ಅಂಗಡಿಯಿಂದ ತರಿಸಿದ್ರು. ಬ್ಯಾರೆ ಸಾಲ್ಯಾಗ ನನ್ನ ತಂಗಿ ಹಿಂಗ ಅಂದಿದ್ದಕ್ಕ ‘ನಾಳಿಂದ ಬರಬ್ಯಾಡ’ ಅಂದ್ರು. ಆಮ್ಯಾಲೆ ಊರವ್ರು ಹೇಳಿ ಮತ್ತ ಇಟ್ಕೊಂಡ್ರು. ತಿಂಗಳಿಗೆ ಐದು ಸಾವಿರ ಸೈತ ಮುಟ್ಟದ ಪಗಾರಕ್ಕ ನಾವು ಎಷ್ಟು ಜಗಳ ಮಾಡಬೇಕ್ರಿ? ನಿಯಮ ಐತಿ ಅಂತ ಬಾಯಿ ಬಿಡ್ತೀವಿ. ನಿಯಮ ತಗದ್ರ ನಮ್ಮ ಬಾಯಿನೂ ಹೋತು.

ಇನ್ನೊಂದು. ತತ್ತಿಗೆ ಸರಕಾರ ಕೊಡೋದು 6 ರೂಪಾಯಿ. ಅದ್ರಾಗ ತರಬೇಕು, ಕುದಿಸಬೇಕು, ಸುಲೀಬೇಕು. ಸಂತ್ಯಾಗ ತತ್ತಿನೇ 7 ಆದಾಗ ನಮ್ಮ ಸರ್ ಕೈಲಿಂದ ಹಾಕ್ತಾರ. ಅದಕ್ಕೊಂದು ವಹಿ ಐತೇನ್ರಿ?

ಪ್ರಭಾರಿ ಗುರು, ಕುಷ್ಟಗಿ ಕಡೆ
ಅಕ್ಕಾರ, ಆ ವಹಿ ನನ್ನ ಹೆಂಡತಿ ಇಟ್ಟಾಳ.

ಗಂಗಾವತಿ ಸಣ್ಣ ಶಾಲೆ
ಖಾಸಗಿಯವರು ಅಂದ ಕೂಡಲೇ ಎಲ್ಲರೂ ಬಡಿಗೆ ಹಿಡಿತೀರಿ ಅಂತ ಗೊತ್ತು, ಆದರೂ ಬರೀತೀನಿ. ನನ್ನದು ಎಲ್‌ಕೆಜಿಯಿಂದ ಏಳನೇ ತರಗತಿವರೆಗೆ, 240 ಮಕ್ಕಳು. ಒಂದೇ ಅಂತಸ್ತು, ಸುತ್ತ ಬಯಲು, ಪ್ರತಿ ಕೋಣೆಗೂ ಎರಡು ಬಾಗಿಲು. ಬೆಂಗಳೂರಿನ ಐದಂತಸ್ತಿನ ಶಾಲೆಗೆ ಕೇಳೋ ಕಾಗದಗಳ ಪಟ್ಟಿಯನ್ನೇ ನನಗೂ ಕೊಡ್ತಾರೆ. ಒಂದು ಕಚೇರಿಗೆ ಹನ್ನೊಂದು ಸಲ ಅಲೆದೆ. ಹನ್ನೆರಡನೇ ಸಲ ಒಬ್ಬರು ಮಧ್ಯ ಬಂದು ‘ನೀವ್ಯಾಕ ಓಡಾಡ್ತೀರಿ, ನಾ ಮಾಡಿಸಿಕೊಡ್ತೀನಿ’ ಅಂದರು. ಎರಡು ದಿನದಲ್ಲಿ ಕಾಗದ ಕೈಗೆ ಬಂತು. ಶಾಲೆಗೆ ಬಂದು ನೋಡಿದವರು ಯಾರೂ ಇಲ್ಲ! ಈಗ ಹೇಳಿ, ಆ ಕಾಗದದಿಂದ ಯಾವ ಮಗು ಸುರಕ್ಷಿತ ಆಯ್ತು? ಸಡಿಲಿಸಿ ಅಂದರೆ ಮಕ್ಕಳ ಶತ್ರು ಅಂತ ಅಲ್ಲ.

ಕೋರ್ಟ್ ಕಟ್ಟಿ, ರಾಯಚೂರು
ವಕೀಲ ಅದೀನಿ, ಸ್ವಲ್ಪ ಉದ್ದ ಆಗ್ತದ, ಬೇಜಾರಾಗಬ್ಯಾಡ್ರಿ.

2004ರ ಜುಲೈ 16, ಕುಂಭಕೋಣಂ. ಅಡುಗೆಮನಿ ಬೆಂಕಿ ಹುಲ್ಲಿನ ಚಾವಣಿಗೆ ಹತ್ತಿ 94 ಮಕ್ಕಳು ಸತ್ತರು. ಅದರ ಬೆನ್ನಿಗೆ ಬಂದ ಅರ್ಜಿ ಮ್ಯಾಲೆ 2009ರಾಗ ಸುಪ್ರೀಂ ಕೋರ್ಟ್ ಹೇಳಿದ್ದು ಭಾಳ ಸರಳ: ಶಿಕ್ಷಣದ ಹಕ್ಕು ಅಂದ್ರ ಸುರಕ್ಷಿತ ಶಾಲ್ಯಾಗ ಕಲಿಯೋ ಹಕ್ಕೂ ಹೌದು. ಬೆಂಕಿ ನಂದಿಸೋ ಸಾಧನ, ಸಿಬ್ಬಂದಿಗೆ ತರಬೇತಿ, ಕಟ್ಟಡ ಸಂಹಿತೆ ಪ್ರಕಾರ ಕಟ್ಟಡ, ಇವೆಲ್ಲ ಅದ್ರಾಗ ಬರ್ತಾವ. ಅದು ಸರ್ಕಾರಿ ಶಾಲಿಗೂ ಖಾಸಗಿ ಶಾಲಿಗೂ ಒಂದೇ.

ಹಂಗಾಗಿ ‘ರಾಜ್ಯ ಸರ್ಕಾರ ಸಡಿಲ ಮಾಡಲಿ’ ಅನ್ನೋ ಮಾತಿನಾಗ ಅರ್ಧ ಗಾಳಿ. ಕುಡಿಯೋ ನೀರು, ಗಂಡು-ಹೆಣ್ಣು ಮಕ್ಕಳಿಗೆ ಬ್ಯಾರೆ ಶೌಚಾಲಯ, ಅಡಚಣೆ ಇಲ್ಲದ ದಾರಿ, ಅಡುಗೆಮನಿ, ಕಂಪೌಂಡು: ಇವು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಾಗೇ ಅದಾವ. ಊಟದ ಗುಣಮಟ್ಟ 2015ರ ಬಿಸಿಯೂಟ ನಿಯಮದಾಗ ಅದ. ಪ್ರಾಥಮಿಕಕ್ಕ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು, ಹಿರಿಯ ಪ್ರಾಥಮಿಕಕ್ಕ 700 ಮತ್ತು 20. ಪೋಕ್ಸೊ ಕಾಯ್ದೆ ಪ್ರಕಾರ ಮಕ್ಕಳ ಮ್ಯಾಲಿನ ಲೈಂಗಿಕ ದೌರ್ಜನ್ಯ ಗೊತ್ತಾದ ಕೂಡಲೇ ದೂರು ಕೊಡಬೇಕು, ಕೊಡದಿದ್ರ ಆರು ತಿಂಗಳ ತನಕ ಜೈಲು, ಸಂಸ್ಥೆ ಮುಖ್ಯಸ್ಥರು ತಮ್ಮ ಕೈಕೆಳಗಿನವರ ವಿಷಯ ಮುಚ್ಚಿಟ್ರ ಒಂದು ವರ್ಷದ ತನಕ. ಇವನ್ನೆಲ್ಲ ಬೆಂಗಳೂರಿನ ಸುತ್ತೋಲೆಯಿಂದ ಅಳಿಸಾಕ ಬರಂಗಿಲ್ಲ. ರಾಜ್ಯದ ಕೈಯಾಗ ಇರೋದು ಯಾವ ನಮೂನೆಯಾಗ ಬರೀಬೇಕು, ಯಾರು ತಪಾಸಣೆ ಮಾಡಬೇಕು, ಎಷ್ಟು ವರ್ಷಕ್ಕೊಮ್ಮೆ ಅನ್ನೋದು. ಗುರುಗಳ ಮೊದಲನೇ ಬೇಡಿಕೆಗೆ ಜಾಗ ಇರೋದು ಅಲ್ಲೇ.

ಗಂಗಾವತಿಯವರೆ, ಕಾಗದ ಮಾರಾಟ ಆದದ್ದಕ್ಕ ಮದ್ದು ತಪಾಸಣೆ ಮಾಡಸೋದು, ತಪಾಸಣೆ ತಗಿಯೋದಲ್ಲ.

ಗಂಗಾವತಿ ಸಣ್ಣ ಶಾಲೆ
ವಕೀಲರಿಗೆ ಹೇಳೋದು ಸುಲಭ. ತಪಾಸಣೆ ಮಾಡಿಸಿ ಅಂತ ನಾನು ಯಾರ ಕಾಲು ಹಿಡೀಬೇಕು?

ಜಿಪಂ ಇಂಜಿನಿಯರ್ (ನಿವೃತ್ತ)
ಬಳ್ಳಾರಿ, ಸಂಡೂರು ಕಡೆ 28 ವರ್ಷ ಶಾಲಾ ಕಟ್ಟಡ ನೋಡಿದವನು ನಾನು. ಹಳ್ಳಿ ಶಾಲೆಯಲ್ಲಿ ದೊಡ್ಡ ಪ್ರಮಾಣಪತ್ರದ ಅಗತ್ಯ ಇಲ್ಲ, ನಾಲ್ಕು ಸಂಗತಿ ನೋಡಿದರೆ ಸಾಕು. ಚಾವಣಿ ಗಾರೆ ಉದುರಿ ಕಬ್ಬಿಣ ಕಾಣ್ತಾ ಇದೆಯಾ? ಮಾಳಿಗೆಯ ತಡೆಗೋಡೆ ಮಗುವಿನ ಎದೆಗಿಂತ ಎತ್ತರ ಇದೆಯಾ? ವೈರಿಂಗ್ ಗೋಡೆಯ ನೀರು ಜಿನುಗೋ ಕಡೆಯಿಂದ ಹೋಗಿದೆಯಾ? ಗ್ಯಾಸ್ ಸಿಲಿಂಡರ್ ಎಲ್ಲಿದೆ?

ಕೊನೆಯದೇ ನಮ್ಮ ಕಡೆಯ ನಿಜವಾದ ಬೆಂಕಿ. ಎಷ್ಟೋ ಶಾಲೆಗಳಲ್ಲಿ ಅಡುಗೆಕೋಣೆ ಬಿದ್ದುಹೋಗಿದೆ ಅಂತ ತರಗತಿ ಪಕ್ಕದ ಕೋಣೆಯಲ್ಲೇ ಒಲೆ ಹೂಡಿದ್ದಾರೆ. 2023ರ ನವೆಂಬರ್‌ನಲ್ಲಿ ಅಫಜಲಪುರ ತಾಲೂಕಿನಲ್ಲಿ ಎರಡನೇ ತರಗತಿ ಹುಡುಗಿ ಬಿಸಿ ಸಾಂಬಾರಿನ ಪಾತ್ರೆಗೆ ಬಿದ್ದು ಜೀವ ಕಳಕೊಂಡಳಲ್ಲ, ಅಲ್ಲಿ ಬೆಂಕಿಯೇ ಹತ್ತಿರಲಿಲ್ಲ. ಅಗ್ನಿಶಾಮಕ ಪ್ರಮಾಣಪತ್ರ ಅಲ್ಲಿ ಏನೂ ಮಾಡ್ತಿರಲಿಲ್ಲ. ಪಾತ್ರೆ ಮಕ್ಕಳು ಓಡಾಡೋ ಹಾದಿಯಲ್ಲಿ ಇರಬಾರದು ಅಂತ ಸುಣ್ಣದಲ್ಲಿ ಗೆರೆ ಎಳೆದಿದ್ದರೆ ಸಾಕಿತ್ತು.

ಶಿಥಿಲ ಕೊಠಡಿಗೆ ಬೀಗ ಹಾಕಿ ‘ಅಪಾಯ’ ಅಂತ ಬರೆದು ಕೈತೊಳಕೊಳ್ಳೋದು ಇನ್ನೊಂದು ರೋಗ. ಮಕ್ಕಳು ಅದರ ನೆರಳಲ್ಲೇ ಕುಂತು ಊಟ ಮಾಡ್ತಾವೆ.

ಗಣಿಧೂಳು
ಅಗ್ನಿ, ಕಟ್ಟಡ ಎಲ್ಲಾ ಸರಿ ಸ್ವಾಮಿ. ನಮ್ಮ ಸಂಡೂರು ಕಡೆ ಅದಿರು ಲಾರಿ ಧೂಳಿನಲ್ಲಿ ಮಕ್ಕಳ ಪುಸ್ತಕವೇ ಕೆಂಪಾಗಿರ್ತಾವೆ. ಆ ಧೂಳಿಗೆ ಯಾವ ವಹಿ? ಗಣಿ ಜಿಲ್ಲೆಗೆ ಅಂತ ಖನಿಜ ಪ್ರತಿಷ್ಠಾನದ ದುಡ್ಡು ಐತೆ, ಅದು ಶಾಲೆ, ಆರೋಗ್ಯಕ್ಕೆ ಅಂತಲೇ ಐತೆ. ಅದರಲ್ಲಿ ಒಂದು ಕಿಟಕಿ ಜಾಳಿಗೆ ಹಾಕ್ಸಿ ಅಂದ್ರೆ ಕಮಾನು ಕಟ್ತಾರೆ.

ಕುಕನೂರು ಹುಡುಗ
ಗಿಣಿಗೇರಿ ಕಡೆ ಬಾ ಅಣ್ಣ, ನಮ್ಮದು ಕರಿ ಧೂಳು. ಬಣ್ಣ ಬೇರೆ, ಕೆಮ್ಮು ಒಂದೇ.

ತುಂಗಭದ್ರಾ ದಂಡಿ
ತಪಾಸಣೆ ಮಾತು ಬಂದಿದ್ದಕ್ಕೆ ನೆನಪಾಯ್ತು, 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕಿತ್ತುಕೊಂಡು ಹೋಯ್ತಲ್ಲ, ಅದಕ್ಕೂ ಒಂದು ವಹಿ ಇದ್ದಿರಬೇಕು ಹಂಗಾದ್ರೆ.

ಸಿಂಧನೂರು ಸೋನಾ
ಗೇಟಿನ ಸುದ್ದಿ ತಗೀಬ್ಯಾಡಣ್ಣ, ಹೊಟ್ಟಿ ಉರಿತೈತಿ. ಕಾಲುವಿ ಕೊನಿ ಭಾಗದಾಗ ಇರೋದು ನಮ್ಮ ಹೊಲ.

ಆಶಾ ಅಲ್ಲ, ನರ್ಸಮ್ಮ
ನೀಲಿ ಮಾತ್ರೆ ವಿಷಯದಲ್ಲಿ ಒಂದು ಮಾತು. ನಾನು ಮಾನ್ವಿ ತಾಲೂಕಿನಲ್ಲಿ ಶುಶ್ರೂಷಕಿ. ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ‘ಅನುಕೂಲ ಆದಂತೆ’ ಅಂತಾದರೆ ಮೊದಲು ನಿಲ್ಲೋದು ಅದೇ. ಯಾಕಂದರೆ ಕೊಟ್ಟ ದಿನ ಇಬ್ಬರು ವಾಂತಿ ಮಾಡಿಕೊಂಡರೆ ಊರಲ್ಲಿ ‘ವಿಷ ಕೊಟ್ಟರು’ ಅಂತ ಸುದ್ದಿ. ಖಾಲಿ ಹೊಟ್ಟೆಗೆ ಕೊಟ್ಟಿರ್ತಾರೆ ಅಷ್ಟೇ. ಊಟ ಆದ ಮೇಲೆ ಕೊಡಿ, ನೀರು ಕುಡಿಸಿ, ಹಿಂದೆ ಮುಂದೆ ಚಹಾ ಬೇಡ. ಮಲ ಕಪ್ಪಾಗ್ತದೆ, ಹೆದರಬೇಡಿ ಅಂತ ತಾಯಂದಿರಿಗೆ ಮೊದಲೇ ಹೇಳಿ. ಫೆಬ್ರವರಿ 10, ಆಗಸ್ಟ್ 10 ಜಂತುಹುಳದ ದಿನ, ಮಾತ್ರೆ ಜಗಿದು ತಿನ್ನಬೇಕು. ಇದಕ್ಕೆ ಬೇಕಾದ್ದು ಅರ್ಧ ಪುಟ, ಯಾವ ಮಗು ತಗೊಂಡಿಲ್ಲ ಅನ್ನೋದು ಮಾತ್ರ. ತಗೊಂಡ 180 ಹೆಸರು ಯಾಕೆ ಬರೀಬೇಕು?

ಆರ್‌ಬಿಎಸ್‌ಕೆ ಅಂತ ಮಕ್ಕಳ ಆರೋಗ್ಯ ತಪಾಸಣೆ ತಂಡ ವರ್ಷಕ್ಕೊಮ್ಮೆ ಶಾಲೆಗೆ ಬರ್ತದಲ್ಲ, ಅದನ್ನಂತೂ ಮುಟ್ಟಬೇಡಿ. ಎರಡು ವರ್ಷದ ಹಿಂದೆ ಒಬ್ಬ ಹುಡುಗ ಆಟಕ್ಕೆ ಹೋಗ್ತಿರಲಿಲ್ಲ, ಸೋಮಾರಿ ಅಂತ ಬೈತಿದ್ದರು. ಡಾಕ್ಟರ್ ಎದೆಗೆ ಕಿವಿ ಕೊಟ್ಟಾಗ ಹೃದಯದಲ್ಲಿ ತೂತು ಇದ್ದದ್ದು ಗೊತ್ತಾಯ್ತು. ಬೆಂಗಳೂರಿಗೆ ಕಳಿಸಿದರು, ದುಡ್ಡು ಕೊಡದೆ ಆಪರೇಷನ್ ಆಯ್ತು. ಈಗ ಕಬಡ್ಡಿ ಆಡಿ ಮೊಣಕಾಲು ಕೆತ್ತಿಕೊಂಡು ನನ್ನ ಹತ್ತಿರವೇ ಬರ್ತಾನೆ.

ಬಾಳೆಹಣ್ಣು
ಮಾತ್ರೆ, ತತ್ತಿ ಎಲ್ಲಾ ಯಾಕೆ? ಸಸ್ಯಾಹಾರಿ ಮಕ್ಕಳ ಮನಸ್ಸಿಗೆ ನೋವಾಗಲ್ವಾ? ಸಡಿಲ ಮಾಡೋದಾದರೆ ಮೊದಲು ಮೊಟ್ಟೆ ನಿಲ್ಲಿಸಲಿ.

ಕುಕನೂರು ಹುಡುಗ
ಬಂತ್ನೋಡ್ರಿ! 2021ರಾಗ ಈ ಮಾತು ಎತ್ತಿದ್ದಕ್ಕ ನಮ್ಮ ಗಂಗಾವತಿ ಹುಡುಗಿ ಒಬ್ಬಾಕಿ ‘ನಮಗ ತತ್ತಿ ಬೇಕು’ ಅಂತ ಎಂಥಾ ಉತ್ತರ ಕೊಟ್ಲು ಅಂತ ಇಡೀ ರಾಜ್ಯ ನೋಡೈತಿ. ತಿನ್ನದವರಿಗೆ ಬಾಳೆಹಣ್ಣು ಐತಿ. ನೀನು ಅದೇ ಹೆಸರು ಇಟ್ಕೊಂಡೀ, ತಿನ್ಕೋತ ಕೂಡು.

ಹಳೇ ಮಾಸ್ತರ, ಲಿಂಗಸುಗೂರು
ಹುಡುಗರಾ, ಜಗಳ ಬ್ಯಾಡ. ಬಿಸಿಯೂಟಕ್ಕಿಂತ ಮೊದಲು 80 ಪರ್ಸೆಂಟ್ ಹಾಜರಿ ಇದ್ದ ಮಗುವಿಗೆ ತಿಂಗಳಿಗೆ 3 ಕಿಲೋ ಧಾನ್ಯ ಕೊಡ್ತಿದ್ವಿ. ಹಾಜರಿ ಹಾಕಿಸ್ಕೊಂಡು ಹತ್ತಿ ಹೊಲಕ್ಕ ಓಡ್ತಿದ್ವು. 2002ರಾಗ ಅಕ್ಷರ ದಾಸೋಹ ಶುರುವಾಗಿದ್ದೇ ನಮ್ಮ ಕಡಿ ಏಳು ಜಿಲ್ಲಾದಿಂದ. ಅವಾಗ ಒಂದೇ ವಹಿ. ಮೂರು ಕಲ್ಲಿನ ಒಲಿ, ಬೇವಿನ ಗಿಡದ ಕೆಳಗ ಅಡಿಗಿ. ಎಲಿ, ಹಲ್ಲಿ, ಗುಬ್ಬಿ ಹಿಕ್ಕಿ ಎಲ್ಲಾ ಬೀಳ್ತಿತ್ತು. ಆ ಕಾಲ ಚಂದ ಇತ್ತು ಅಂತ ಅನ್ನೋರಿಗೆ ನಾನು ಆ ಸಾರು ಉಣಿಸಬೇಕಂತೀನಿ.

ಆದ್ರ ಒಂದು ಖರೆ. ಅವಾಗ ನಾನು ಗಿಡದ ಕೆಳಗ ಮಕ್ಕಳ ಜೊತಿ ಕುಂತು ಉಣ್ತಿದ್ದೆ. ಈಗಿನ ಮುಖ್ಯಗುರು ಆ ಹೊತ್ತಿನಾಗ ಕೋಣ್ಯಾಗ ಕುಂತು ಉಂಡವರ ಸಂಖ್ಯೆ ಕಳಿಸ್ತಿರ್ತಾನ.

ನಿರ್ವಾಹಕ
ತತ್ತಿ-ಬಾಳೆಹಣ್ಣಿನ ಜಗಳ ಇಲ್ಲಿಗೆ ಸಾಕು. ಇನ್ನು ಮೂರು ಕಾಮೆಂಟ್ ಅಳಿಸಿದ್ದೇನೆ. ವಿಷಯಕ್ಕೆ ಬನ್ನಿ.

ಮಾನ್ವಿ ರಸ್ತೆ
ಶಾಲಾ ವಾಹನದ ಬಗ್ಗೆ ಯಾರೂ ಮಾತಾಡವಲ್ರಲ್ಲ? 1997ರಾಗೇ ಸುಪ್ರೀಂ ಕೋರ್ಟ್ ಹೇಳೈತಿ: ಹಳದಿ ಬಣ್ಣ, ವೇಗ ಗಂಟಿಗೆ 40ಕ್ಕ ಮಿತಿ, ಐದು ವರ್ಷ ಅನುಭವ ಇರೋ ಡ್ರೈವರ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಕಿಟಕಿಗೆ ಸರಳು, ಜೊತಿಗೊಬ್ಬ ಸಹಾಯಕ. 2024ರ ಸೆಪ್ಟೆಂಬರ್ 5, ಶಿಕ್ಷಕರ ದಿನ, ಕಪಗಲ್ ಹತ್ರ ಶಾಲಾ ಬಸ್ಸಿಗೂ ಸಾರಿಗಿ ಬಸ್ಸಿಗೂ ಡಿಕ್ಕಿ ಆದದ್ದು ನಾವು ಕಣ್ಣಾರ ನೋಡಿದವ್ರು. ಇಬ್ಬರು ಮಕ್ಕಳು ಹೋದ್ರು. ಕಾಲು ಕಳಕೊಂಡವ್ರೂ ಅದಾರ. ಅವತ್ತಿನಿಂದ ನನ್ನ ತಮ್ಮನ ಮಗಳು ಕಿಟಕಿ ಬಾಜು ಕುಂದ್ರಂಗಿಲ್ಲ.

ಖಾಸಗಿ ಶಾಲಿ ಬಸ್ಸಿಗೆ ಇಷ್ಟು ನಿಯಮ. ಸರ್ಕಾರಿ ಹೈಸ್ಕೂಲಿಗೆ ಟಂಟಂನಾಗ 18 ಹುಡುಗ್ರು ನೇತಾಡಿಕೋತ ಹೊಂಟ್ರ ಕೇಳೋರು ಯಾರು? ಅಲ್ಲಿ ಸಡಿಲ ಮಾಡಾಕ ಏನೂ ಉಳಿದೇ ಇಲ್ಲ.

ಗಂಗಾವತಿ ಸಣ್ಣ ಶಾಲೆ
ಬಸ್ ನಿಯಮದಲ್ಲಿ ಒಂದಕ್ಷರ ಸಡಿಲಿಸಿ ಅಂತ ನಾನು ಕೇಳಿಲ್ಲ, ಕೇಳೋದೂ ಇಲ್ಲ. ನಮ್ಮದು ಮೂರು ವಾಹನ ಇದೆ, ಬೆಳಗ್ಗೆ ಹೊರಡೋ ಮೊದಲು ಟೈರಿಗೆ ನಾನೇ ಒದ್ದು ನೋಡ್ತೀನಿ.

ಹೈಸ್ಕೂಲ್ ಮೇಡಂ, ದೇವದುರ್ಗ
‘ನೆರವು’ ಅನ್ನೋ ಪದ ಮೊದಲ ಪೋಸ್ಟಿನಲ್ಲಿ ಇದೆ, ಎಲ್ಲರೂ ಊಟ, ಬೆಂಕಿ ಅಂತ ಅದನ್ನ ದಾಟಿ ಹೋದಿರಿ. 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರೋ ಸಂಸ್ಥೆಯಲ್ಲಿ ಆಪ್ತಸಮಾಲೋಚಕರು ಇರಬೇಕು ಅಂದಿದೆ. ನಮ್ಮಲ್ಲಿ 412 ಮಕ್ಕಳು. ಆಪ್ತಸಮಾಲೋಚಕಿ ಯಾರು ಗೊತ್ತಾ? ನಾನೇ. ಗಣಿತ ಶಿಕ್ಷಕಿ. ಗೋಡೆಗೆ ಮಕ್ಕಳ ಸಹಾಯವಾಣಿ 1098 ಮತ್ತು ಮಾನಸಿಕ ಆರೋಗ್ಯ ಸಹಾಯವಾಣಿ 14416 ಅಂತ ದೊಡ್ಡದಾಗಿ ಬರೆಸಿದ್ದೀನಿ. ಅದಕ್ಕೆ ನಾಲ್ಕು ನೂರು ರೂಪಾಯಿ ಬಣ್ಣ, ಇಲಾಖೆಯದಲ್ಲ.

ಆದರೂ ಈ ನಿಯಮ ಬೇಡ ಅನ್ನಲಾರೆ. ಹೋದ ವರ್ಷ ಜಾತ್ರೆ ಮುಗಿದ ಮೇಲೆ ಒಂಬತ್ತನೇ ತರಗತಿ ಹುಡುಗಿ ಎಂಟು ದಿನ ಬರಲಿಲ್ಲ. ದೀರ್ಘ ಗೈರು ವಹಿ ಬರೀಬೇಕಾಗಿತ್ತು, ಕಾರಣದ ಕಾಲಂ ಖಾಲಿ ಬಿಡೋ ಹಾಗಿರಲಿಲ್ಲ, ಅದಕ್ಕೇ ಮನೆಗೆ ಹೋದೆ. ಅಂಗಳದಲ್ಲಿ ಮದುವೆ ಹಂದರ ಹಾಕ್ತಾ ಇದ್ದರು. 1098ಕ್ಕೆ ಫೋನ್ ಮಾಡಿದೆ. ಮೂರು ತಿಂಗಳು ಆ ಓಣಿಯಲ್ಲಿ ನನಗೆ ಯಾರೂ ನೀರು ಸಹ ಕೇಳಲಿಲ್ಲ. ಹುಡುಗಿ ಈ ಸಲ ಎಸ್‌ಎಸ್‌ಎಲ್‌ಸಿಗೆ ಕೂತಿದ್ದಾಳೆ. ಆ ಕಾಲಂ ಇಲ್ಲದಿದ್ದರೆ ನಾನು ಹೋಗ್ತಿದ್ದೆನಾ? ನಿಜ ಹೇಳಬೇಕೆಂದರೆ, ಇಲ್ಲ. ಪರೀಕ್ಷೆ ಹತ್ತಿರ ಇತ್ತು, ಪೇಪರ್ ತಿದ್ದೋದು ರಾಶಿ ಬಿದ್ದಿತ್ತು.

ಬಿಸಿಯೂಟದಾಕಿ
ಮೇಡಂ, ನಿಮಗೆ ನಮ್ಮ ಸಾಲ್ಯಾಗ ಊಟ ಹಾಕ್ತೀನಿ ಬರ್ರಿ.

ಕೋರ್ಟ್ ಕಟ್ಟಿ, ರಾಯಚೂರು
ಈ ಒಂದು ಉದಾಹರಣೆಗೆ ನನ್ನ ಉದ್ದ ಭಾಷಣ ಪೂರ್ತಿ ವಾಪಸ್ ತಗೊಂಡೆ.

ಹಿರೇಹಳ್ಳ
ನೀರು ಮರೀಬ್ಯಾಡ್ರಿ. ಯಲಬುರ್ಗಾ, ಕುಷ್ಟಗಿ ಬೋರ್‌ವೆಲ್ ನೀರಿನಾಗ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ರ ಕುಡೀಬಾರದು ಅಂತ ಐತಿ. ಶುದ್ಧ ನೀರಿನ ಘಟಕ ಕೆಟ್ಟು ನಿಂತಾಗ ಮಕ್ಕಳು ಟಾಕಿ ನೀರೇ ಕುಡಿತಾವ, ಹಲ್ಲಿನ ಮ್ಯಾಲೆ ಕಂದು ಗೆರಿ. 2022ರಾಗ ರಾಯಚೂರು ಶಹರದಾಗ ಕಲುಷಿತ ನೀರು ಕುಡಿದು ಮಂದಿ ಸತ್ತದ್ದು ನೆನಪೈತಿಲ್ಲ? ‘ಟಾಕಿ ತೊಳೆದದ್ದು’ ವಹಿ ಬ್ಯಾಡ, ಟಾಕಿ ಮ್ಯಾಲೇ ಬಣ್ಣದಲೆ ತಾರೀಖು ಬರೀರಿ. ಊರಾಗ ಹಾದು ಹೋಗೋ ಎಲ್ಲಾರೂ ಓದ್ತಾರ. ಬೀರುವಿನಾಗ ಇಟ್ಟ ವಹಿ ಯಾರು ಓದ್ತಾರ?

ಜಿಪಂ ಇಂಜಿನಿಯರ್ (ನಿವೃತ್ತ)
ಇದು ಚಲೋ ಮಾತು. ಸಿಲಿಂಡರ್ ಕೋಣೆ ಬಾಗಿಲಿಗೂ ಹೀಗೇ ಮಾಡಬಹುದು.

ಸಿಂಧನೂರು ಸೋನಾ
ಎಲ್ಲಾದಕ್ಕೂ ಗ್ವಾಡಿ ಮ್ಯಾಲೆ ಬರದ್ರ ನಲಿಕಲಿ ಚಿತ್ರ ಎಲ್ಲಿ ಬರೀತೀರಿ?

ಪ್ರಭಾರಿ ಗುರು, ಕುಷ್ಟಗಿ ಕಡೆ
ಎಲ್ಲಾ ಓದಿದೆ. ರಾತ್ರಿ ಕುಂತು ಮನವಿ ಪತ್ರ ತಿದ್ದೀನಿ, ಗುಂಪಿನಾಗ ಹಾಕೀನಿ. ‘ಕಡ್ಡಾಯ’ ಅನ್ನೋ ಪದ ಮುಟ್ಟಿಲ್ಲ. ಕೇಳಿದ್ದು ಇಷ್ಟು: ಮೊಬೈಲ್‌ನಾಗ ಕಳಿಸಿದ್ದನ್ನ ಕಾಗದದಾಗ ಕೇಳಬ್ಯಾಡ್ರಿ. ಮಾತ್ರೆ, ಹಾಲು, ತತ್ತಿಗೆ ತಗೊಳ್ಳದ ಮಕ್ಕಳ ಹೆಸರು ಮಾತ್ರ ಸಾಕು. ಟಾಕಿ ತಾರೀಖು ಟಾಕಿ ಮ್ಯಾಲೆ. ರುಚಿ ವಹಿಯಾಗ ಅಡುಗೆಯಾಕಿ ಸಹಿಗೂ ಒಂದು ಜಾಗ ಇರಲಿ, ಆಕಿ ಬ್ಯಾಡ ಅಂದ್ರ ಅವತ್ತು ಬಡಿಸಂಗಿಲ್ಲ. ಒಂದೇ ಅಂತಸ್ತಿನ ಸಣ್ಣ ಶಾಲಿಗೆ ಬ್ಯಾರೆ ನಮೂನೆ ಮಾಡ್ರಿ, ಆದ್ರ ಶಾಲಿಗೆ ಬಂದು ನೋಡಿದ ಮ್ಯಾಲೇ ಸಹಿ. ತತ್ತಿ ರೊಕ್ಕ ಸಂತಿ ರೇಟಿಗೆ ಕೊಡ್ರಿ. ದೀರ್ಘ ಗೈರು ವಹಿ ಹಂಗ ಇರಲಿ.

ಇಬ್ಬರು ಗುಂಪು ಬಿಟ್ಟು ಹೋದ್ರು. ಹನ್ನೊಂದು ಮಂದಿ ಹೆಬ್ಬೆಟ್ಟು ಎತ್ಯಾರ. ಗಂಗಾವತಿ ಸರ್, ನಿಮ್ಮ ಸಂಘದವ್ರು ಒಪ್ತಾರೇನು?

ಗಂಗಾವತಿ ಸಣ್ಣ ಶಾಲೆ
ಸಂಘ ಒಪ್ಪಲ್ಲ. ನಾನು ಹಾಕ್ತೀನಿ.

ಹಳೇ ಮಾಸ್ತರ, ಲಿಂಗಸುಗೂರು
ಸೋನಾ, ನೀನು ಮೊದಲಿಗೆ 31 ಅಂದಿ. ಇವರದು 23. ಉಳಿದ ಎಂಟು ಯಾವುವಪ್ಪ?

ಸಿಂಧನೂರು ಸೋನಾ
ಏಳು ನನಗೂ ಸರಿಯಾಗಿ ಗೊತ್ತಿಲ್ರಿ ಮಾಸ್ತರ. ಎಂಟನೇದು ಮಾತ್ರ ಗೊತ್ತು. ಯಾವ್ಯಾವ ವಹಿ ಅದಾವ ಅಂತ ಬರೆಯೋ ವಹಿ.

ಪ್ರಭಾರಿ ಗುರು, ಕುಷ್ಟಗಿ ಕಡೆ
ಅದು ನಮ್ಮಲ್ಲಿ ಇಲ್ಲ. ಯಾರಿಗೂ ಹೇಳಬ್ಯಾಡ್ರಿ.